ಎಲೆ ಉದುರಿಸಿದ ಬೇಲಿ ಸತ್ತಿಲ್ಲ, ದಯವಿಟ್ಟು ಕೀಳಬೇಡಿ

ಬೇಲಿಯ ಗಿಡ ಎಲೆ ಉದುರಿಸಿದ್ದೇ ತಡ, "ಒಣಗೋಯ್ತು, ಕಿತ್ತು ಬೇರೆ ಹಾಕಿ" ಅನ್ನುವವರು ಬಂದೇ ಬರುತ್ತಾರೆ. ಕೀಳುವ ಮೊದಲು ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಗಿಡ ಬದುಕಿದೆ, ನೀರು ಉಳಿಸಿಕೊಳ್ಳಲು ಎಲೆ ಕಳಚಿದೆ ಅಷ್ಟೇ.

ಕಿತ್ತ ಜಾಗಕ್ಕೆ ಸಾಮಾನ್ಯವಾಗಿ ಬರುವುದು ಡ್ಯುರಾಂಟಾ. ವರ್ಷವಿಡೀ ಒಂದೇ ಬಣ್ಣ, ಆಗಾಗ ಕತ್ತರಿ. ಅಚ್ಚುಕಟ್ಟಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಅಮೆರಿಕ ಖಂಡದ ಈ ಗಿಡಕ್ಕೂ ನಮ್ಮ ನೆಲದ ಹುಳುಹುಪ್ಪಟೆಗೂ ಹಳೆಯ ನಂಟಿಲ್ಲ. ಪದೇ ಪದೇ ಕತ್ತರಿಸಿದರೆ ಹೂವೂ ಬಿಡದು. ಹುಳವಿಲ್ಲದ ಬೇಲಿಗೆ ಹಕ್ಕಿ ಯಾಕೆ ಬರಬೇಕು? ಕಾಳು ತಿನ್ನುವ ಗುಬ್ಬಚ್ಚಿ ಕೂಡ ಮರಿಗಳಿಗೆ ಉಣಿಸುವುದು ಹೆಚ್ಚಾಗಿ ಹುಳುಗಳನ್ನೇ.

ಅದರ ಬದಲು ನಮ್ಮ ಬೇಲಿಯ ಬೋರೆ ಗಿಡವನ್ನೊಮ್ಮೆ ಹತ್ತಿರದಿಂದ ನೋಡಿ. ಎಲೆಯ ಬುಡದಿಂದಲೇ ಹೊರಡುವ ಮೂರು ನರ, ಅಡಿಭಾಗದಲ್ಲಿ ಮಾಸಲು ಬಿಳಿಯ ನವಿರು ರೋಮ, ತೊಟ್ಟಿನ ಪಕ್ಕ ಜೋಡಿ ಮುಳ್ಳು. ಅನೇಕ ಸಲ ಒಂದು ನೆಟ್ಟಗಿದ್ದರೆ ಇನ್ನೊಂದು ಕೊಕ್ಕೆ. ಕಾಮನ್ ಪಿಯೆರೋ ಎಂಬ ಕಪ್ಪು ಚುಕ್ಕೆಯ ಪುಟ್ಟ ಬಿಳಿ ಚಿಟ್ಟೆ ಮೊಟ್ಟೆಯಿಡುವುದು ಬೋರೆಯ ಕುಲದ ಗಿಡಗಳ ಮೇಲೆಯೇ. ಆ ಗಿಡ ಹೋದರೆ ಆ ಚಿಟ್ಟೆಯೂ ಹೋಯಿತು. ಎಷ್ಟು ಚೆಂದದ ಹೂತೋಟ ಮಾಡಿದರೂ ಪ್ರಯೋಜನವಿಲ್ಲ. ಸಣ್ಣ ಹಕ್ಕಿಗಳಿಗೋ, ಈ ಮುಳ್ಳಿನ ನಡುವೆ ಗೂಡು ಕಟ್ಟಿದರೆ ಬೆಕ್ಕಿನ ಭಯ ಕಡಿಮೆ.

ಬೋರೆಯ ಜೊತೆ ಕಾರೆ, ಲಕ್ಕಿ ಸೇರಿಸಿ. ಕಾರೆಯ ಹೂ ಬಿಳಿಯಾಗಿ ಅರಳಿ ಹಳದಿಗೆ ತಿರುಗುತ್ತದೆ. ಲಕ್ಕಿಯ ತಿಳಿನೇರಳೆ ಗೊಂಚಲಿಗೆ ಜೇನುಗಳು ಮುತ್ತಿಕೊಳ್ಳುತ್ತವೆ. ಕಡ್ಡಿ ನೆಟ್ಟರೂ ಚಿಗುರುತ್ತದೆ, ದನ ಬಾಯಿ ಹಾಕುವುದು ಕಡಿಮೆ. ಒಂದೇ ಜಾತಿಯ ಸಾಲು ಬೇಡ. ರೋಗ ಬಂದರೆ ಇಡೀ ಬೇಲಿಯೇ ಹೋಗುತ್ತದೆ.

ಮಳೆ ಹಿಡಿದ ಮೇಲೆ ಎರಡು ಸಾಲಾಗಿ, ಒಂದರ ಸಂದಿಗೆ ಇನ್ನೊಂದು ಬರುವಂತೆ, ಒಂದೂವರೆ ಅಡಿ ಅಂತರದಲ್ಲಿ ನೆಡಿ. ಗಿಡ ಬೇರೂರಿದ ಮೇಲೆ ತುದಿ ಚಿವುಟಲು ಹಿಂಜರಿಯಬೇಡಿ, ಆಗಲೇ ಬುಡದಿಂದ ಕವಲು ಒಡೆದು ಬೇಲಿ ದಟ್ಟವಾಗುವುದು.

ಬೇಲಿ ಕೆಡುವುದು ಬಹುಪಾಲು ಕತ್ತರಿಯಿಂದಲೇ. ಬ್ರಿಟನ್ನಿನಲ್ಲಿ ಬ್ಲ್ಯಾಕ್‌ಥಾರ್ನ್ ಎಂಬ ಎಲೆ ಉದುರಿಸುವ ಪೊದೆಯಿದೆ. ಬ್ರೌನ್ ಹೇರ್‌ಸ್ಟ್ರೀಕ್ ಚಿಟ್ಟೆ ಅದರ ಎಳೆ ಕಡ್ಡಿಗಳ ಮೇಲೆ ಮೊಟ್ಟೆಯಿಡುತ್ತದೆ, ಮೊಟ್ಟೆಗಳು ಚಳಿಗಾಲವಿಡೀ ಆ ಬೋಳು ಕಡ್ಡಿಗಳಲ್ಲೇ ಇರುತ್ತವೆ. ಪ್ರತಿವರ್ಷ ಯಂತ್ರದಿಂದ ಬೇಲಿ ಸವರಿದಾಗ ಮೊಟ್ಟೆಗಳೂ ಕಡ್ಡಿಯೊಂದಿಗೆ ನಾಶವಾಗುತ್ತವೆ. ಅಲ್ಲಿನ ಇನ್ನೊಂದು ಬೇಲಿ ಗಿಡ ಹಾಥಾರ್ನ್ ಹೂ ಬಿಡುವುದು ಹಿಂದಿನ ವರ್ಷದ ರೆಂಬೆಯಲ್ಲಿ. ವರ್ಷವೂ ಸವರಿದರೆ ಹೂವೂ ಕಡಿಮೆ, ಹಕ್ಕಿಗೆ ಹಣ್ಣೂ ಕಡಿಮೆ.

ಹಾಗಾಗಿ ಬೇಲಿಯನ್ನು ಮೂರು ಪಾಲು ಮಾಡಿಕೊಂಡು ವರ್ಷಕ್ಕೆ ಒಂದು ಪಾಲು ಮಾತ್ರ ಸವರಿ. ಗೂಡಿನಲ್ಲಿ ಮರಿಯಿದ್ದರೆ ಅದನ್ನೂ ಮುಂದೂಡಿ. ಉದುರಿದ ಎಲೆಗೆ ಬೆಂಕಿ ಹಚ್ಚಬೇಡಿ, ಗಿಡದ ಬುಡಕ್ಕೇ ಸರಿಸಿ. ತೇವ ಉಳಿಯುತ್ತದೆ, ಮಣ್ಣಿಗೆ ಗೊಬ್ಬರವಾಗುತ್ತದೆ, ಹಾವುರಾಣಿ, ಜೀರುಂಡೆಗಳಿಗೆ ಜಾಗ ಸಿಗುತ್ತದೆ.