ಸೀಟು ಜಾಸ್ತಿ ಮಾಡಿ, ಆದರೆ ಹಾಸ್ಟೆಲ್ ಲಿಸ್ಟ್ ಮೊದಲು ಹಾಕಿ

ಮೊನ್ನೆ ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳ ಅಪ್ಪ ಸಿಕ್ಕಿದರು. ಮಗಳು ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿಗೆ ಒಳ್ಳೇ ಮಾರ್ಕ್ಸ್ ತೆಗೆದಿದ್ದಳು. ಎಂ.ಎಸ್ಸಿ. ಸೀಟೂ ಸಿಕ್ಕಿತ್ತು. ಎಷ್ಟಕ್ಕೆ ಬಂತು ಓದು ಅಂತ ಕೇಳಿದೆ.

"ಬುಟ್ಬುಟ್ಳು ಮೇಡಂ. ನಾನೇ ಬ್ಯಾಡ ಅಂದೆ."

ಏನಾಯ್ತು ಅಂತ ಕೇಳಿದರೆ, ಆಗಿದ್ದು ಇಷ್ಟೇ. ಕ್ಲಾಸು ಶುರುವಾಯಿತು, ಹಾಸ್ಟೆಲ್ ಲಿಸ್ಟ್ ಬರಲಿಲ್ಲ. ಇವತ್ತು ನಾಳೆ ಅಂತ ಎರಡು ತಿಂಗಳು ಕಳೆಯಿತು. ಅಷ್ಟು ದಿನವೂ ಆ ಹುಡುಗಿ ಬೆಳಗ್ಗೆ ಐದಕ್ಕೆ ಎದ್ದು, ಊರಿಂದ ಮಂಡ್ಯಕ್ಕೆ ಬಸ್ಸು, ಮಂಡ್ಯದಿಂದ ಮೈಸೂರಿಗೆ ರೈಲು, ಅಲ್ಲಿಂದ ಸಿಟಿ ಬಸ್ಸು ಹಿಡಿದು ಹೋಗುತ್ತಿದ್ದಳು. ಲ್ಯಾಬ್ ಮುಗಿಯೋದು ಸಂಜೆ ಐದಕ್ಕೆ. ವಾಪಸ್ ಬರುವಾಗ ಮಂಡ್ಯದಲ್ಲಿ ಊರಿನ ಕೊನೇ ಬಸ್ಸು ತಪ್ಪಿದರೆ ಅಪ್ಪ ಬೈಕ್ ತಗೊಂಡು ಬರಬೇಕು. ರಾತ್ರಿ ಒಂಬತ್ತೂವರೆಗೆ ಊಟ, ಆಮೇಲೆ ರೆಕಾರ್ಡ್ ಬರೆಯೋದು. ಮೊದಲ ಇಂಟರ್ನಲ್ಸ್ ದಿನ ರೈಲು ಲೇಟಾಗಿ ಒಂದು ಪೇಪರ್ ತಪ್ಪಿತು. ಆಮೇಲೆ ಟೈಫಾಯಿಡ್. ಎರಡನೇ ಲಿಸ್ಟಿನಲ್ಲಿ ಹೆಸರು ಬಂದಾಗ ಆಕೆ ಮನೆಯಲ್ಲಿ ಮಲಗಿದ್ದಳು.

ಇದು ಯಾವ ವಿಶ್ವವಿದ್ಯಾಲಯ ಅಂತ ನಾನು ಬರೆಯೋದಿಲ್ಲ. ಒಂದು ಕಡೆಯ ಸಮಸ್ಯೆ ಆಗಿದ್ದರೆ ಇಷ್ಟುದ್ದ ಬರೆಯುತ್ತಲೂ ಇರಲಿಲ್ಲ.

ಈಗ ಎಲ್ಲರ ಬಾಯಲ್ಲೂ ಪಿಜಿ, ಅಂದರೆ ಸ್ನಾತಕೋತ್ತರ ದಾಖಲಾತಿ ಹೆಚ್ಚಿಸಬೇಕು ಅನ್ನೋ ಮಾತು. ನಾನೂ ಅದನ್ನೇ ಹೇಳುತ್ತೇನೆ. 2021-22ರ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ ದೇಶದ ಒಟ್ಟು ದಾಖಲಾತಿ ಅನುಪಾತ (18ರಿಂದ 23 ವಯಸ್ಸಿನವರ ಸಂಖ್ಯೆಗೆ ಹೋಲಿಸಿದರೆ ನೂರಕ್ಕೆ ಎಷ್ಟು ಜನ ಉನ್ನತ ಶಿಕ್ಷಣದಲ್ಲಿದ್ದಾರೆ ಅನ್ನೋ ಲೆಕ್ಕ) 28.4, ನಮ್ಮ ರಾಜ್ಯದ್ದು 36ರ ಆಸುಪಾಸು. 2035ಕ್ಕೆ ಇದು 50 ಆಗಬೇಕು ಅನ್ನೋದು ಕೇಂದ್ರದ ಗುರಿ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ವಿಷಯ ಇದೆ, ನನಗೆ ಅದು ಮುಖ್ಯ. ಪಿಜಿ ಓದುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು. ಅಂದರೆ ಸೀಟು ತುಂಬಬೇಕು ಅಂದರೆ ಈ ಹುಡುಗಿಯಂಥವರೇ ಬರಬೇಕು. ಅವರು ಬರ್ತಾರೋ ಇಲ್ವೋ ಅನ್ನೋದು ಪೇಪರಿನಲ್ಲಿ ಕೊಟ್ಟ ಜಾಹೀರಾತು ನೋಡಿ ತೀರ್ಮಾನ ಆಗೋದಿಲ್ಲ.

ಊರಿನಲ್ಲಿ ಅದು ತೀರ್ಮಾನ ಆಗೋ ರೀತಿಯೇ ಬೇರೆ. ಒಬ್ಬಳು ಹೋಗ್ತಾಳೆ. ಆರು ತಿಂಗಳು ಇಡೀ ಬೀದಿ ಅವಳನ್ನ ನೋಡುತ್ತೆ. ಮುಖ ಬಾಡಿದೆಯಾ, ಸೊರಗಿದ್ದಾಳಾ, ಎಷ್ಟು ಹೊತ್ತಿಗೆ ಬರ್ತಾಳೆ, ಓದಿ ಏನಾದಳು. ಅವಳು ಚೆನ್ನಾಗಿ ಓದಿ ಮುಗಿಸಿದರೆ ಮುಂದಿನ ವರ್ಷ ಪಕ್ಕದ ಮನೆಯವರು ನನ್ನ ನಂಬರ್ ಹುಡುಕಿ ಫೋನ್ ಮಾಡ್ತಾರೆ, "ನಮ್ ಮಗೀಗೂ ಒಂದು ಅರ್ಜಿ ಹಾಕ್ಸಿ ಮೇಡಂ" ಅಂತ. ಅರ್ಧಕ್ಕೆ ಬಿಟ್ಟು ಬಂದರೆ ಆ ಬೀದಿಯಲ್ಲಿ ಐದಾರು ವರ್ಷ ಯಾರೂ ಆ ಮಾತೇ ಎತ್ತೋದಿಲ್ಲ. ಹನ್ನೊಂದು ವರ್ಷದಿಂದ ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತಾ ಇದನ್ನ ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಮೊದಲು ಸೀಟು ತುಂಬಿಸೋಣ, ಸೌಲಭ್ಯ ಆಮೇಲೆ ನೋಡೋಣ ಅಂದರೆ ನಾನು ಒಪ್ಪೋದಿಲ್ಲ. ಒಳಗಿರುವವರನ್ನ ಚೆನ್ನಾಗಿ ನೋಡಿಕೊಂಡರೆ ಹೊರಗಿನವರು ತಾವಾಗೇ ಬರ್ತಾರೆ.

ನಮ್ಮ ಮೈಸೂರು ಸೀಮೆಗೆ ಇದು ಹೊಸ ಪಾಠ ಏನಲ್ಲ. 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ವಿಶ್ವವಿದ್ಯಾಲಯ ಬಂತು ಅಂತ ಹೆಮ್ಮೆಯಿಂದ ಹೇಳ್ತೀವಿ, ಹೇಳಲೇಬೇಕು. ಆದರೆ ಹಳ್ಳಿ ಮಕ್ಕಳು ಮೈಸೂರಿಗೆ ಬಂದು ಓದಲು ಆಗಿದ್ದು ಹೇಗೆ? ಮಠದ ಹಾಸ್ಟೆಲ್ಲು, ಸಮುದಾಯದವರು ಕಟ್ಟಿಸಿದ ಹಾಸ್ಟೆಲ್ಲು, ವಾರಾನ್ನ. ಕುವೆಂಪು ಅವರೇ ವಿದ್ಯಾರ್ಥಿಯಾಗಿದ್ದಾಗ ಮೈಸೂರಿನ ರಾಮಕೃಷ್ಣ ಆಶ್ರಮ ಸೇರಿ, ಅಲ್ಲಿದ್ದುಕೊಂಡು ಓದಿದವರು. ಮುಂದೆ ಅವರೇ ಕುಲಪತಿಯಾಗಿ ಸ್ನಾತಕೋತ್ತರ ವಿಭಾಗಗಳಿಗೇ ಅಂತ ಒಂದು ಕ್ಯಾಂಪಸ್ ಮಾಡಿ, ಮಾನಸಗಂಗೋತ್ರಿ ಅಂತ ಹೆಸರಿಟ್ಟರು. ಮಲೆನಾಡಿನಿಂದ ಬಂದ ಹುಡುಗನಿಗೆ ಅವತ್ತು ಇರೋದಕ್ಕೊಂದು ಜಾಗ ಸಿಗದೇ ಹೋಗಿದ್ದರೆ ಏನಾಗ್ತಿತ್ತು ಅಂತ ಆ ಕ್ಯಾಂಪಸ್ ಪಕ್ಕದ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವಾಗೆಲ್ಲ ನನಗೆ ಅನ್ನಿಸುತ್ತೆ.

ಈಗಿನ ಮಕ್ಕಳು ಕೇಳೋದೂ ದೊಡ್ಡದೇನಲ್ಲ. ಸೀಟು ಹಂಚಿಕೆಯ ದಿನವೇ ಹಾಸ್ಟೆಲ್ ಸಿಗುತ್ತೋ ಇಲ್ವೋ ಹೇಳಿಬಿಡಿ. ಇಲ್ಲ ಅಂತಾದರೂ ಹೇಳಿ, ಅಪ್ಪ ಅಮ್ಮ ಬೇರೆ ದಾರಿ ನೋಡ್ತಾರೆ. ಮೈಸೂರಿನ ಸರಸ್ವತಿಪುರಂ ಕಡೆ ಪೇಯಿಂಗ್ ಗೆಸ್ಟ್ ರೂಮಿನ ಅಡ್ವಾನ್ಸ್ ಕೊಟ್ಟ ಮೇಲೆ ಲಿಸ್ಟ್ ಬಂದರೆ ಆ ದುಡ್ಡು ಹೋದ ಹಾಗೇ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಆಗಿರೋದು ನಿಜವಾಗಿಯೂ ದೊಡ್ಡ ಉಪಕಾರ. ಅದರಿಂದಲೇ ಪಿಜಿಗೆ ಸೇರಿದವರು ನನ್ನ ಕ್ಲಾಸಲ್ಲಿ ಓದಿದವರಲ್ಲೇ ಇದ್ದಾರೆ. ಆದರೆ ದಿನಕ್ಕೆ ಐದು ಗಂಟೆ ರಸ್ತೆಯಲ್ಲೇ ಕಳೆದರೆ ಲೈಬ್ರರಿಯಲ್ಲಿ ಕೂರೋದು ಯಾವಾಗ?

ಆಮೇಲೆ ಮೇಷ್ಟ್ರುಗಳ ವಿಷಯ. ನಿವೃತ್ತರಾದವರ ಜಾಗ ತುಂಬೋದಿಲ್ಲ, ನಮ್ಮಂಥ ಅತಿಥಿಗಳನ್ನ ಹಾಕ್ತಾರೆ. ನಾವು ಕಡಿಮೆ ಪಾಠ ಮಾಡ್ತೀವಿ ಅಂತಲ್ಲ. ಆದರೆ ವರ್ಷ ವರ್ಷವೂ ಮುಂದುವರಿಸ್ತಾರೋ ಇಲ್ವೋ ಗೊತ್ತಿಲ್ಲದವರು ಒಂದು ಹುಡುಗಿಗೆ ಎರಡು ವರ್ಷ ಜೊತೆಗಿದ್ದು ಪ್ರಾಜೆಕ್ಟ್ ಮಾಡಿಸ್ತೀನಿ ಅಂತ ಹೇಗೆ ಮಾತು ಕೊಡೋದು? ಎಂ.ಎಸ್ಸಿ. ಅಂದರೆ ಬರೀ ಪಾಠ ಕೇಳೋದಲ್ಲ. ತಪ್ಪು ಮಾಡಿ, ಯಾಕೆ ತಪ್ಪಾಯ್ತು ಅಂತ ಒಬ್ಬರ ಮುಂದೆ ಕೂತು ಮಾತಾಡಬೇಕು. ಮೂವತ್ತು ಜನರ ಲ್ಯಾಬಿಗೆ ಅರವತ್ತು ಜನ ಸೇರಿಸಿದರೆ ಅರ್ಧ ಜನ ಬ್ಯುರೆಟ್ ಮುಟ್ಟೋದೇ ಇಲ್ಲ, ಪಕ್ಕದವರ ರೀಡಿಂಗ್ ಬರೆದುಕೊಂಡು ಬರ್ತಾರೆ.

ಫಲಿತಾಂಶ ತಡ ಆಗೋದರ ಬಗ್ಗೆ ಜಾಸ್ತಿ ಹೇಳೋದಿಲ್ಲ, ಎಲ್ಲರಿಗೂ ಗೊತ್ತಿರೋದೇ. ಮಾರ್ಕ್ಸ್ ಕಾರ್ಡ್ ಇಲ್ಲ ಅಂತ ಕೆಲಸದ ಅರ್ಜಿ ಹಾಕೋಕೆ ಆಗದೆ ಅತ್ತವರನ್ನ ಸಮಾಧಾನ ಮಾಡಿದ್ದೇನೆ.

ಮಂಡ್ಯದವಳಾಗಿ ಇನ್ನೊಂದು ಮಾತು ಹೇಳಲೇಬೇಕು. 2025ರ ಫೆಬ್ರವರಿಯಲ್ಲಿ ರಾಜ್ಯ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನ ಮುಚ್ಚುವ ಮಾತಾಡಿತಲ್ಲ, ಅದರಲ್ಲಿ ನಮ್ಮ ಮಂಡ್ಯವೂ ಇತ್ತು. ಆ ವಾರ ಕ್ಲಾಸಿಗೆ ಹೋದರೆ ಮಕ್ಕಳದ್ದು ಒಂದೇ ಪ್ರಶ್ನೆ, "ಮೇಡಂ, ನಮ್ ಸರ್ಟಿಫಿಕೇಟ್‌ಗೆ ಬೆಲೆ ಇರುತ್ತಾ?" ಸರ್ಕಾರದ ದುಡ್ಡಿನ ಕಷ್ಟ ನನಗೂ ಅರ್ಥ ಆಗುತ್ತೆ. ವಿಲೀನ ಮಾಡೋದಾದರೆ ಮಾಡಿ, ಉಳಿಸೋದಾದರೆ ಉಳಿಸಿ. ಆದರೆ ಓದ್ತಾ ಇರೋರಿಗೆ ಏನಾಗುತ್ತೆ ಅಂತ ಅದೇ ದಿನ ಒಂದು ಸಾಲಿನಲ್ಲಿ ಹೇಳಬೇಕಿತ್ತು. ಇಂಥ ಸುದ್ದಿ ಕೇಳಿದ ಅಪ್ಪ ಅಮ್ಮ ಮಕ್ಕಳನ್ನ ಇಲ್ಲಿಗೆ ಯಾವ ಧೈರ್ಯದಲ್ಲಿ ಸೇರಿಸ್ತಾರೆ?

ವಿಶ್ವವಿದ್ಯಾಲಯಗಳ ತೀರ್ಮಾನ ಮಾಡುವ ಸಿಂಡಿಕೇಟಿನಲ್ಲಿ, ಅಕಾಡೆಮಿಕ್ ಕೌನ್ಸಿಲಿನಲ್ಲಿ ಇರುವ ಕೆಲವರು ನನ್ನ ಫ್ರೆಂಡ್ ಲಿಸ್ಟಿನಲ್ಲಿ ಇದ್ದೀರಿ. ನಿಮ್ಮನ್ನ ಕೇಳ್ಕೊಳ್ಳೋದು ಒಂದೇ. ಈ ಸಲ ದಾಖಲಾತಿ ಲೆಕ್ಕ ಕೊಡುವಾಗ ಎಷ್ಟು ಜನ ಸೇರಿದರು ಅನ್ನೋದರ ಪಕ್ಕದಲ್ಲೇ ಎಷ್ಟು ಜನ ಎರಡನೇ ಸೆಮಿಸ್ಟರ್ ಪರೀಕ್ಷೆ ಬರೆದರು ಅಂತಲೂ ಬರೆಯಿರಿ. ಬಿಟ್ಟವರಿಗೆ ಒಂದು ಫೋನ್ ಮಾಡಿಸಿ, ಯಾಕೆ ಬಿಟ್ಟೆ ಮಗಾ ಅಂತ ಕೇಳಿಸಿ.

ಮೊನ್ನೆ ಆ ಹುಡುಗಿಯ ಅಪ್ಪ ಬಸ್ ಹತ್ತುವ ಮೊದಲು, ಅವಳ ತಂಗಿ ಈಗ ಬಿ.ಎಸ್ಸಿ. ಕೊನೇ ವರ್ಷ ಅಂದರು. "ಹಾಸ್ಟೆಲ್ಲು ಮೊದ್ಲೇ ಸಿಕ್ತದೆ ಅಂದ್ರೆ ಹೇಳಿ ಮೇಡಂ, ಇವಳ್ನ ಕಳುಸ್ತೀನಿ." ವಿಚಾರಿಸಿ ಹೇಳ್ತೀನಿ ಅಂದಿದ್ದೇನೆ. ಮೂರು ಕಡೆ ಫೋನ್ ಮಾಡಿದೆ. ಇನ್ನೂ ಯಾರೂ ಒಂದು ತಾರೀಖು ಹೇಳಿಲ್ಲ.