ಐನೂರು ಫ್ಲಾರಿನ್, ಐದು ಲೀರಾ

ಹದಿನಾಲ್ಕನೇ ಶತಮಾನದ ಇಟಲಿಯ ಬೊಕಾಚಿಯೊ ಬರೆದ ಕಥಾಸಂಗ್ರಹ ‘ಡೆಕಾಮೆರಾನ್’ ಓದುವವರಲ್ಲಿ ದುಡ್ಡಿನ ಲೆಕ್ಕ ಬಂದ ಕಡೆ ಸಾಲು ಹಾರಿಸುವವರೇ ಹೆಚ್ಚು. ಫ್ಲಾರಿನ್ನೋ ಲೀರಾವೋ, ಹೇಗೂ ಹಳೇ ಕಾಲದ ದುಡ್ಡು ಅಂತ. ಹಾರಿಸಿದವರಿಗೆ ಅರ್ಧ ನಗು ನಷ್ಟ. ಈ ಕಥೆಗಾರನ ಅಪ್ಪ ಫ್ಲಾರೆನ್ಸಿನ ಬಾರ್ದಿ ಮನೆತನದ ಬ್ಯಾಂಕಿಗೆ ದುಡಿದವನು. ಮಗನನ್ನೂ ಹರೆಯದಲ್ಲಿ ನೇಪಲ್ಸಿನಲ್ಲಿ ಅದೇ ಕಸುಬಿಗೆ ಹಚ್ಚಿದ್ದ. ಅಂಥವನು ಮೊತ್ತಗಳನ್ನು ಬಾಯಿಗೆ ಬಂದಂತೆ ಬರೆಯುವುದಿಲ್ಲ.

ಹನ್ನೆರಡು ದೆನಾರೊಗೆ ಒಂದು ಸೊಲ್ದೊ, ಇಪ್ಪತ್ತು ಸೊಲ್ದೊಗೆ ಒಂದು ಲೀರಾ. ಆಣೆಗೆ ಹನ್ನೆರಡು ಪೈ ಎಂದು ಉರು ಹೊಡೆದ ಹಳಬರಿಗೆ ಇದು ಕಷ್ಟವಲ್ಲ. ಆದರೆ ಲೀರಾ ಎಂಬ ನಾಣ್ಯವೇ ಆಗ ಇರಲಿಲ್ಲ. ಅದು ಲೆಕ್ಕದ ಪುಸ್ತಕದೊಳಗೆ ಮಾತ್ರ. 1252ರಲ್ಲಿ ಫ್ಲಾರೆನ್ಸ್ ಸುಮಾರು ಮೂರೂವರೆ ಗ್ರಾಂ ತೂಕದ ಅಪ್ಪಟ ಚಿನ್ನದ ಫ್ಲಾರಿನ್ ಟಂಕಿಸಿದಾಗ ಅದರ ಬೆಲೆ ಒಂದು ಲೀರಾ. ಚಿನ್ನ ಹಾಗೇ ಉಳಿಯಿತು, ದೆನಾರೊದಂಥ ಚಿಲ್ಲರೆ ನಾಣ್ಯದೊಳಗಿನ ಬೆಳ್ಳಿ ಮಾತ್ರ ಕಡಿಮೆಯಾಗುತ್ತ ಹೋಯಿತು. ನೂರು ವರ್ಷ ಕಳೆದು ಬೊಕಾಚಿಯೊ ಬರೆಯುವ ಹೊತ್ತಿಗೆ ಒಂದು ಫ್ಲಾರಿನ್ನಿಗೆ ಮೂರು ಲೀರಾಕ್ಕೂ ಮೇಲೆ. ಸಗಟು ವ್ಯಾಪಾರ ಚಿನ್ನದಲ್ಲಿ ನಡೆಯುತ್ತಿತ್ತು, ಕೂಲಿನಾಲಿ ಚಿಲ್ಲರೆಯಲ್ಲಿ.

ಹಾಗಾಗಿ ನಾಣ್ಯದ ಹೆಸರು ಕೇಳಿದರೆ ಸಾಕು, ಪಾತ್ರದ ಅಂತಸ್ತು ತಿಳಿಯುತ್ತದೆ. ಕುದುರೆ ಕೊಳ್ಳಲು ನೇಪಲ್ಸಿಗೆ ಹೋಗುವ ಅಂದ್ರೆಯುಚ್ಚೊನ ಚೀಲದಲ್ಲಿ ಐನೂರು ಫ್ಲಾರಿನ್. ವಾರ್ಲುಂಗೊ ಹಳ್ಳಿಯ ಬೆಲ್ಕೊಲೋರೆಗೆ ಬೇಕಾದದ್ದು ಐದು ಲೀರಾ, ಒತ್ತೆಯಿಟ್ಟ ಲಂಗ ಬಿಡಿಸಿಕೊಳ್ಳಲು. ಅವಳ ಬೆನ್ನು ಬಿದ್ದ ಪಾದ್ರಿಯ ಹತ್ತಿರ ಅದೂ ಇಲ್ಲ; ಮೈಮೇಲಿನ ನಿಲುವಂಗಿಯನ್ನೇ ಅಡವಿಡುತ್ತಾನೆ. ಹಳೇ ಬಟ್ಟೆಯವನಿಗೆ ಏಳು ಲೀರಾ ಕೊಟ್ಟು ತಂದದ್ದು, ಅದರಲ್ಲೂ ಐದು ಸೊಲ್ದೊ ಉಳಿಯಿತು ಎಂದು ಕೊಚ್ಚಿಕೊಳ್ಳುವುದು ಬೇರೆ! ಚಿನ್ನದ ಮೊತ್ತಗಳು ಇನ್ನೂರು, ಐನೂರು, ಸಾವಿರ ಎಂದು ದುಂಡಗೆ ಬರುತ್ತವೆ. ಚೌಕಾಸಿಯಲ್ಲಿ ಉಳಿದ ಐದು ಸೊಲ್ದೊ ನೆನಪಿರುವುದು ಕೈ ಖಾಲಿ ಇದ್ದವನಿಗೆ.

ಇನ್ನೊಂದು ಕಥೆಯ ಪೆದ್ದ ಕಲಂದ್ರಿನೊಗೆ ಸತ್ತ ಚಿಕ್ಕಮ್ಮನಿಂದ ಇನ್ನೂರು ಲೀರಾ ಬರುತ್ತದೆ. ‘ಚಿಲ್ಲರೆ ನಾಣ್ಯದಲ್ಲಿ’ ಎಂದು ಕಥೆಗಾರ ಬೇಕೆಂದೇ ಸೇರಿಸುತ್ತಾನೆ. ಬರೆದ ಕಾಲದ ದರದಲ್ಲಿ ಅದು ಅರವತ್ತು ಚಿಲ್ಲರೆ ಫ್ಲಾರಿನ್. ಇವನೋ, ಹತ್ತು ಸಾವಿರ ಫ್ಲಾರಿನ್ ಇಟ್ಟುಕೊಂಡವನ ಗತ್ತಿನಲ್ಲಿ ಊರ ದಲ್ಲಾಳಿಗಳನ್ನೆಲ್ಲ ಹಿಡಿದು ಜಮೀನು ವಿಚಾರಿಸುತ್ತಾನೆ. ಬೆಲೆಯ ಮಾತು ಬಂದ ಕೂಡಲೇ ವ್ಯವಹಾರ ಮುರಿದುಬೀಳುತ್ತದೆ.

ನಾಣ್ಯವನ್ನೇ ಬದಲಿಸುವ ಮೋಸವೂ ಉಂಟು. ದುಡ್ಡಿನಾಸೆಯ ಗಂಡನೊಬ್ಬ ಹೆಂಡತಿಯ ಒಂದು ರಾತ್ರಿಗೆ ಐನೂರು ಫ್ಲಾರಿನ್ ಒಪ್ಪಿಕೊಳ್ಳುತ್ತಾನೆ. ಕೈಗೆ ಬರುವುದು ಚಿನ್ನದ ನೀರು ಕುಡಿಸಿದ ಪೊಪೊಲಿನೊ, ತಲಾ ಎರಡು ಸೊಲ್ದೊ ಬೆಲೆಯ ಬೆಳ್ಳಿ ನಾಣ್ಯ. ಕಥೆ ನಡೆಯುವುದು ಬರೆದದ್ದಕ್ಕಿಂತ ಮುಂಚೆ, ಫ್ಲಾರಿನ್ನಿಗೆ ಐವತ್ತಕ್ಕೂ ಹೆಚ್ಚು ಸೊಲ್ದೊ ಇದ್ದ ಕಾಲದಲ್ಲಿ. ಇಪ್ಪತ್ತೈದರಲ್ಲಿ ಒಂದು ಪಾಲೂ ದಕ್ಕಲಿಲ್ಲ. ಬೆಳ್ಳಿ ಚಿನ್ನಕ್ಕಿಂತ ಎಷ್ಟೋ ಹಗುರ, ತಕ್ಕಡಿಗೆ ಹಾಕಿದ್ದರೆ ಗುಟ್ಟು ಬಯಲಾಗುತ್ತಿತ್ತು. ಅಂಥ ವ್ಯವಹಾರದಲ್ಲಿ ತಕ್ಕಡಿ ತರಿಸುವ ಮುಖ ಯಾರಿಗಿದೆ?

ಲೆಕ್ಕದ ಸೊಗಸು ಪೂರ್ತಿ ಕಾಣುವುದು ಸಿಸಿಲಿಯ ಬಂದರು ಪಲೆರ್ಮೊದ ಕಥೆಯಲ್ಲಿ. ಅಲ್ಲಿನ ಸುಂಕದಕಟ್ಟೆಯಲ್ಲಿ ಬಂದ ಸರಕು ಮತ್ತು ಅದರ ಬೆಲೆಯನ್ನು ವ್ಯಾಪಾರಿಯ ಹೆಸರಿನಲ್ಲಿ ಕಡತಕ್ಕೆ ಏರಿಸಿ, ಮಳಿಗೆಗೆ ಬೀಗ ಹಾಕುತ್ತಾರೆ. ಆ ಕಡತದಿಂದಲೇ ದಲ್ಲಾಳಿಗಳಿಗೆ ಸುದ್ದಿ, ಅವರಿಂದ ಊರಿನ ವಂಚಕಿಯರಿಗೆ. ಐನೂರು ಫ್ಲಾರಿನ್ನಿನ ಉಣ್ಣೆಬಟ್ಟೆ ತಂದ ವ್ಯಾಪಾರಿ ಸಲಬಾಯೆತ್ತೊನಿಂದ ಇಯಾಂಕೊಫಿಯೋರೆ ಎಂಬ ವಂಚಕಿ ಅಷ್ಟನ್ನೂ ಕಿತ್ತುಕೊಳ್ಳುತ್ತಾಳೆ. ಅವನು ಮತ್ತೆ ಬಂದು, ಎರಡು ಸಾವಿರದ ಸರಕೆಂದು ಕಡತದಲ್ಲಿ ಬರೆಸುತ್ತಾನೆ, ಹಿಂದೆ ಮೂರು ಸಾವಿರದ್ದು ಬರಲಿದೆ ಎನ್ನುತ್ತಾನೆ. ಐದು ಸಾವಿರದ ಆಸೆಗೆ ಅವಳು ಹಳೇ ಐನೂರನ್ನು ತಾನಾಗಿ ಹಿಂತಿರುಗಿಸುತ್ತಾಳೆ. ಆಮೇಲೆ ದಲ್ಲಾಳಿಯನ್ನು ಮುಂದಿಟ್ಟುಕೊಂಡು, ನೂರಕ್ಕೆ ಮೂವತ್ತರ ಬಡ್ಡಿಗೆ, ಮಳಿಗೆಯ ಸರಕಿನ ಆಧಾರದ ಮೇಲೆ ತನ್ನದೇ ಸಾವಿರ ಸಾಲ ಕೊಡುತ್ತಾಳೆ. ಅವನು ಹಡಗು ಹತ್ತುತ್ತಾನೆ. ಮಳಿಗೆ ತೆರೆದರೆ ಎಣ್ಣೆಯ ಪೀಪಾಯಿಗಳಲ್ಲಿ ಸಮುದ್ರದ ನೀರು, ಬಿರಡೆಯ ಹತ್ತಿರ ಮಾತ್ರ ಒಂದಿಷ್ಟು ಎಣ್ಣೆ. ಬಟ್ಟೆಯ ಮೂಟೆಗಳಲ್ಲಿ ಎರಡು ಬಿಟ್ಟು ಉಳಿದವೆಲ್ಲ ಬರೀ ನಾರು. ಒಟ್ಟು ಬೆಲೆ ಇನ್ನೂರು ಫ್ಲಾರಿನ್ ದಾಟದು. ಬಂದದ್ದು ಐನೂರು, ಹೋದದ್ದು ಒಂದೂವರೆ ಸಾವಿರ, ಉಳಿದದ್ದು ಇನ್ನೂರು: ಅವಳಿಗೆ ನಿವ್ವಳ ನಷ್ಟ ಎಂಟುನೂರು, ಬಡ್ಡಿ ಬಿಟ್ಟು.