ಜುವಿಜಿ ಅನ್ನೋ ಹೆಸರು ಯಾರಿಗೆ ಭಾರವಾಗಿತ್ತು?

ನಿನ್ನೆ ಸಂಜೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಅಣ್ಣನ ಮಗ ಪಕ್ಕದಲ್ಲಿ ಮೊಬೈಲ್ ಹಿಡಿದು ಬಿದ್ದುಕೊಂಡಿದ್ದ. ಸ್ವಲ್ಪ ಕೈ ಹಾಕೋ ಅಂದರೆ ಎರಡು ಕಾಯಿ ಸುಲಿದು ಉಗುರು ನೋಯುತ್ತೆ ಅಂದ. ಆಮೇಲೆ "ಅತ್ತೆ, ಇಲ್ಲಿ ನೋಡು, ನಿನ್ನ ಸಬ್ಜೆಕ್ಟು" ಅಂತ ಒಂದು ವಿಡಿಯೊ ತೋರಿಸಿದ. ಫ್ರಾನ್ಸಿನ ಹೆಂಗಸರ ಫುಟ್‌ಬಾಲ್ ಕ್ಲಬ್‌ಗಳ ಬಗ್ಗೆ, ನಲವತ್ತು ಸೆಕೆಂಡಿನದ್ದು. ಪ್ಯಾರಿಸ್ ಎಫ್‌ಸಿ ಸರದಿ ಬಂದಾಗ ದಪ್ಪ ಅಕ್ಷರದಲ್ಲಿ ಹೀಗಿತ್ತು: ಶುರುವಾದದ್ದು 2017. ಲೀಗ್ 0. ಕಪ್ 1. ಅಷ್ಟೇ, ಮುಂದಿನ ಕ್ಲಬ್.

ಆ ಹೆಂಗಸರ ಟೀಮಿನ ಹಳೇ ಹೆಸರು ಜುವಿಜಿ, ಅದರ ಸುದ್ದಿಯೇ ಇಲ್ಲ. ಸಿಟ್ಟಿಗೆ ಕಾಳು ಸಿಪ್ಪೆಯ ಬುಟ್ಟಿಗೆ ಹಾಕಿದೆ, ಸಿಪ್ಪೆ ಪಾತ್ರೆಗೆ.

ನನ್ನ ಹುಚ್ಚು ನಿಮಗೆಲ್ಲ ಗೊತ್ತು. ಸ್ಕೂಲಲ್ಲಿ ಥ್ರೋಬಾಲ್ ಆಡಿದವಳು, ಈಗ ಮನೆಯವರೆಲ್ಲ ಮಲಗಿದ ಮೇಲೆ ಸೌಂಡ್ ಮ್ಯೂಟ್ ಮಾಡಿಕೊಂಡು ಯಾವ್ಯಾವುದೋ ದೇಶದ ಹೆಣ್ಣುಮಕ್ಕಳ ಮ್ಯಾಚ್ ನೋಡುವವಳು. ಫ್ರೆಂಚ್ ಕ್ಲಾಸಿಗೆ ಸೇರಿ ಮೂರು ತಿಂಗಳಿಗೆ ಬಿಟ್ಟ ಕತೆಯೂ ಗೊತ್ತು. ಆ ಕ್ಲಾಸಿನಿಂದ ನನಗೆ ಉಳಿದದ್ದು ಒಂದೇ, ಎರಡು ಸ್ವರಗಳ ನಡುವೆ ಒಂಟಿ ಎಸ್ ಬಂದರೆ ಅದು ಸ ಅಲ್ಲ, ಜ. ಹಾಗಾಗಿ ಜುವಿಸಿ ಅಲ್ಲ, ಜುವಿಜಿ. ಫೀಸು ಪೂರ್ತಿ ದಂಡ ಆಗಲಿಲ್ಲ ಅಂದುಕೊಳ್ಳಿ.

ಈ ಜುವಿಜಿ ಪ್ಯಾರಿಸ್ಸಿನ ದಕ್ಷಿಣಕ್ಕೆ, ಎಸ್ಸೊನ್ ಜಿಲ್ಲೆಯಲ್ಲಿರುವ ಒಂದು ಸಣ್ಣ ಊರು. ಇಪ್ಪತ್ತು ಸಾವಿರ ಜನವೂ ಇಲ್ಲ. ದೊಡ್ಡ ರೈಲ್ವೆ ಜಂಕ್ಷನ್ ಇದೆ, ಖಗೋಳ ವಿಜ್ಞಾನಿ ಫ್ಲಾಮಾರಿಯೋಂ ಕಟ್ಟಿಸಿದ ಹಳೇ ವೀಕ್ಷಣಾಲಯ ಇದೆ, ಅಷ್ಟು ಬಿಟ್ಟರೆ ರೈಲು ಬದಲಾಯಿಸಿ ಮುಂದೆ ಹೋಗುವ ಊರು. ಅಲ್ಲಿ 1971ರಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಶುರುವಾಯಿತು. ಎಪ್ಪತ್ತೊಂದು ಅಂದರೆ ಯಾವ ಕಾಲ ಅಂತ ಸ್ವಲ್ಪ ಯೋಚನೆ ಮಾಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿದ್ದ ವಿಶಿ ಸರ್ಕಾರ 1941ರಲ್ಲಿ ಹೆಂಗಸರು ಫುಟ್‌ಬಾಲ್ ಆಡಲೇಕೂಡದು ಅಂತ ನಿಷೇಧ ಹಾಕಿತ್ತು. ಫ್ರೆಂಚ್ ಫೆಡರೇಶನ್ನು "ಸರಿ, ಆಡಿಕೊಳ್ಳಿ" ಅಂತ ಒಪ್ಪಿದ್ದು 1970ರಲ್ಲಿ. ಅದಾದ ಮರುವರ್ಷವೇ ಈ ಹುಡುಗಿಯರು ಮೈದಾನಕ್ಕಿಳಿದರು. ಮೊದಲು ಊರಿನ ಕ್ಲಬ್ಬಿನ ಒಂದು ವಿಭಾಗ ಆಗಿದ್ದರು. 1985ರಲ್ಲಿ ಬೇರೆ ಬಂದು ತಮ್ಮದೇ ಕ್ಲಬ್ ಮಾಡಿಕೊಂಡರು. ಗಂಡಸರ ಟೀಮಿನ ಬಾಲ ಅಲ್ಲ, ಹೆಂಗಸರದ್ದೇ ಕ್ಲಬ್ಬು.

ಆ ಕ್ಲಬ್ಬು ಗೆದ್ದ ಲೀಗ್ ಆರು ಕಣ್ರೀ, ಆರು! 1992, 94, 96, 97, 2003, 2006. ಫ್ರೆಂಚ್ ಕಪ್ 2005ರಲ್ಲಿ. 2007ರಿಂದ ಲಿಯಾನ್‌ನವರು ಸತತ ಹದಿನಾಲ್ಕು ವರ್ಷ ಲೀಗ್ ಹೊಡೆದರಲ್ಲ, ಅದಕ್ಕೆ ಮುಂಚಿನ ಕೊನೆಯ ಚಾಂಪಿಯನ್ ಯಾರು ಅಂದುಕೊಂಡಿರಿ? ಇದೇ ಜುವಿಜಿ. ವಿಡಿಯೊದವನ ಲೆಕ್ಕದಲ್ಲಿ ಸೊನ್ನೆ.

ಮರಿನೆಟ್ ಪಿಶೋಂ ಅಮೆರಿಕದ ಲೀಗಿನಲ್ಲಿ ಆಡಿ ಹೆಸರು ಮಾಡಿ, ವಾಪಸ್ ಫ್ರಾನ್ಸಿಗೆ ಬಂದಮೇಲೆ ಕೊನೆಯ ವರ್ಷಗಳನ್ನು ಆಡಿದ್ದು ಈ ಕ್ಲಬ್ಬಿಗೆ. ದೇಶಕ್ಕೆ 112 ಮ್ಯಾಚ್, 81 ಗೋಲ್. ಸಾಂಡ್ರಿನ್ ಸೂಬೇರಾಂ 2000ದಲ್ಲಿ ಜುವಿಜಿಗೆ ಬಂದವರು 2014ರವರೆಗೆ ಅಲ್ಲೇ ಇದ್ದರು. ದೇಶಕ್ಕೆ 198 ಪಂದ್ಯ. ಫ್ರಾನ್ಸಿನ ಗಂಡಸರ ಟೀಮಿನಲ್ಲಿ 150 ಮುಟ್ಟಿದವರು ಇವತ್ತಿಗೂ ಒಬ್ಬರಿಲ್ಲ. ಇವರೆಲ್ಲ 2017ಕ್ಕೆ ಮುಂಚೆ ಎಲ್ಲಿ ಆಡುತ್ತಿದ್ದರು, ಹಿತ್ತಲಲ್ಲಾ?

2017ರಲ್ಲಿ ಆದದ್ದು ಇಷ್ಟು. ಜುವಿಜಿಯ ಇಡೀ ಕ್ಲಬ್ಬು ಪ್ಯಾರಿಸ್ ಎಫ್‌ಸಿ ಜೊತೆ ಸೇರಿಹೋಯಿತು. ಸೇರಿತು ಅನ್ನುವುದು ಸಭ್ಯ ಮಾತು. ನಮ್ಮ ಕಡೆ ಹೇಳುವ ಹಾಗೆ ನುಂಗಿಕೊಂಡಿತು. ಅವತ್ತು ಪ್ಯಾರಿಸ್ ಎಫ್‌ಸಿಯ ಗಂಡಸರ ಟೀಮು ಎಲ್ಲಿತ್ತು ಗೊತ್ತಾ? ಮೂರನೇ ಹಂತದಿಂದ ಆಗಷ್ಟೇ ಎರಡನೇ ಡಿವಿಷನ್ನಿಗೆ ಏರಿತ್ತು. ಅವರ ಲೀಗ್ ಪಟ್ಟ ಎಷ್ಟು? ಸೊನ್ನೆ, ಈ ಸೊನ್ನೆ ಮಾತ್ರ ನಿಜವಾದದ್ದು. ಆರು ಸಲ ಚಾಂಪಿಯನ್ ಆದ ಹೆಂಗಸರು ತಮ್ಮ ಹೆಸರು ಬಿಟ್ಟು, ಒಂದು ಸಲವೂ ಆಗದ ಗಂಡಸರ ಹೆಸರು ಹಾಕಿಕೊಂಡರು. ಇದರಲ್ಲಿ ಯಾರು ಯಾರಿಗೆ ಮರ್ಯಾದೆ ತಂದುಕೊಟ್ಟದ್ದು ಅಂತ ನೀವೇ ಹೇಳಿ.

ಇದಕ್ಕಿಂತ ಮಜಾ ಇದೆ. ಈ ಪ್ಯಾರಿಸ್ ಎಫ್‌ಸಿ ಅನ್ನೋದು ಹುಟ್ಟಿದ್ದು 1969ರಲ್ಲಿ. ಮರುವರ್ಷ ಸ್ಟಾಡ್ ಸೇಂ ಜರ್ಮೇಂ ಅನ್ನೋ ಕ್ಲಬ್ಬಿನ ಜೊತೆ ಸೇರಿ ಪಿಎಸ್‌ಜಿ ಆಯಿತು. ಹೌದು, ಪ್ಯಾರಿಸ್ಸಿನ ಆ ದೊಡ್ಡ ಕ್ಲಬ್ಬು, ಅದೇ ಪಿಎಸ್‌ಜಿ. ಎರಡೇ ವರ್ಷಕ್ಕೆ ಜಗಳ, 1972ರಲ್ಲಿ ಪಾಲಾಗಿ ಮತ್ತೆ ತನ್ನ ಹೆಸರಲ್ಲಿ ಹೊರಗೆ ಬಂತು. ಹೆಸರು ಹೋದರೆ ಹೇಗಿರುತ್ತೆ ಅಂತ ಅನುಭವ ಇದ್ದ ಮನೆಯೇ ಅದು. ಸೊಸೆ ಬಂದಾಗ ಅತ್ತೆಗೆ ತಾನು ಸೊಸೆಯಾಗಿದ್ದ ಕಾಲ ಮರೆತುಹೋಗುತ್ತೆ ಅಲ್ವಾ, ಹಾಗೆ.

ಈಗ ಒಬ್ಬರು ಬಂದೇ ಬರುತ್ತೀರಿ, "ದುಡ್ಡಿಲ್ಲದೆ ಹೆಸರು ಇಟ್ಟುಕೊಂಡು ಏನು ಮಾಡೋದು ಮೇಡಂ" ಅಂತ. ಗೊತ್ತು ಸ್ವಾಮಿ. ಲಿಯಾನ್‌ನವರ ಹಿಂದೆ ದೊಡ್ಡ ಕ್ಲಬ್ಬಿನ ಖಜಾನೆ, ಪಿಎಸ್‌ಜಿ ಹಿಂದೆ ಕತಾರ್. ಜುವಿಜಿ 2013ರಲ್ಲಿ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ಲಿಗೆ ಹೋಯಿತು, ಅಲ್ಲಿ ಸಿಕ್ಕಿದ್ದು ಲಿಯಾನ್, ಎರಡು ಪಂದ್ಯ ಸೇರಿ 9-1. ಹಗಲು ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರು ಇಡೀ ದಿನ ಅದನ್ನೇ ಮಾಡುವವರ ಮುಂದೆ ಎಷ್ಟು ದಿನ ನಿಲ್ಲುತ್ತಾರೆ? ಸೇರದೇ ಇದ್ದಿದ್ದರೆ ಕ್ಲಬ್ಬು ಸೊರಗಿಹೋಗುತ್ತಿತ್ತೋ ಏನೋ, ಒಪ್ಪಿದೆ. ಲಿಯಾನ್ ಹೆಂಗಸರೂ 2004ರವರೆಗೆ ಎಫ್‌ಸಿ ಲಿಯಾನ್ ಅನ್ನೋ ಬೇರೆ ಕ್ಲಬ್ಬಿನವರೇ, ಅದೂ ಒಪ್ಪಿದೆ. ಆದರೆ ದುಡ್ಡು ಬೇಕು ಅಂದರೆ ಹುಟ್ಟಿದ ವರ್ಷವನ್ನೂ ಬಿಟ್ಟುಕೊಡಬೇಕು ಅಂತ ಯಾವ ಬ್ಯಾಂಕಿನವರು ಹೇಳಿದ್ದಾರೆ? ಬೋರ್ಡಿನ ಮೇಲೆ ಒಂದು ಮೂಲೆಯಲ್ಲಿ ಜುವಿಜಿ ಅಂತ ಬರೆದರೆ ಪೇಂಟು ಎಷ್ಟು ಖರ್ಚಾಗುತ್ತಿತ್ತು? ನನ್ನ ಜಗಳ ಇರೋದು ದುಡ್ಡಿನ ಮೇಲಲ್ಲ, ಆ 2017ರ ಮೇಲೆ.

ಇನ್ನೊಂದು ಹೇಳಿಬಿಡುತ್ತೇನೆ, ಹೇಳಬಾರದು ಅಂದುಕೊಂಡಿದ್ದೆ. ಮದುವೆಯಾದ ಮೇಲೆ ನಾನೂ ಇನಿಷಿಯಲ್ ಬದಲಾಯಿಸಿಕೊಂಡವಳೇ. ಯಾರೂ ಒತ್ತಾಯ ಮಾಡಲಿಲ್ಲ. ರೇಷನ್ ಕಾರ್ಡು, ಪಾಸ್‌ಬುಕ್ಕು ಎಲ್ಲದರಲ್ಲೂ ಒಂದೇ ಇರಲಿ ಅಂತ ನಾನೇ ನಿಂತು ಅಫಿಡವಿಟ್ ಮಾಡಿಸಿದೆ. ಹೋದ ವರ್ಷ ಇದೇ ಹುಡುಗ ಬೀರುವಿನಲ್ಲಿ ಏನೋ ಹುಡುಕುತ್ತಾ ಒಂದು ಸರ್ಟಿಫಿಕೇಟ್ ತೆಗೆದ. ಜಿಲ್ಲಾ ಮಟ್ಟದ ಥ್ರೋಬಾಲ್, ಎರಡನೇ ಸ್ಥಾನ. ಅಂಚು ಹಳದಿಯಾಗಿದೆ, ಸೀಲು ಅಳಿಸಿದೆ. "ಇದು ಯಾರದ್ದು ಅತ್ತೆ?" ಅಂದ. ನಂದೇ ಕಣೋ ಅಂದರೆ ಹೆಸರು ನೋಡಿ, ನನ್ನ ಮುಖ ನೋಡಿ, ನಕ್ಕು ವಾಪಸ್ ಇಟ್ಟ. ಅವತ್ತು ಸುಮ್ನೆ ಇದ್ದೆ. ನಿನ್ನೆ ಯಾಕೆ ಅಷ್ಟು ಕೂಗಾಡಿದೆ ಅಂತ ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು.

ಇರಲಿ. 2023ರಲ್ಲಿ ಇದೇ ಪ್ಯಾರಿಸ್ ಎಫ್‌ಸಿ ಹೆಂಗಸರ ಟೀಮು ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನಲ್ಲಿ ಮೊದಲು ಇಂಗ್ಲೆಂಡಿನ ಆರ್ಸೆನಲ್ ಅನ್ನು, ಆಮೇಲೆ ಅದೇ ವರ್ಷ ಫೈನಲ್ ಆಡಿದ್ದ ಜರ್ಮನಿಯ ವುಲ್ಫ್ಸ್‌ಬರ್ಗ್ ಅನ್ನು ಮನೆಗೆ ಕಳಿಸಿತು. 2025ರ ಮೇ ತಿಂಗಳಲ್ಲಿ ಕ್ಯಾಲೆಯಲ್ಲಿ ಫ್ರೆಂಚ್ ಕಪ್ ಫೈನಲ್, ಎದುರಿಗೆ ಯಾರು ಅಂದರೆ ಪಿಎಸ್‌ಜಿ. ಗೋಲಿಲ್ಲ, ಪೆನಾಲ್ಟಿಯಲ್ಲಿ ಗೆದ್ದರು. ಕೋಚ್ ಯಾರು? ಸಾಂಡ್ರಿನ್ ಸೂಬೇರಾಂ. 2005ರಲ್ಲಿ ಜುವಿಜಿ ಕಪ್ ಗೆದ್ದಾಗ ಇದೇ ಕ್ಲಬ್ಬಿನ ಆಟಗಾರ್ತಿ, ಇಪ್ಪತ್ತು ವರ್ಷದ ಮೇಲೆ ಕೋಚ್. ಅವರ ಎದುರು ನಿಂತು "ಇದು ನಿಮ್ಮ ಕ್ಲಬ್ಬಿನ ಮೊದಲನೇ ಕಪ್ಪು" ಅನ್ನೋ ಧೈರ್ಯ ಯಾರಿಗಾದರೂ ಇದ್ದರೆ ಅನ್ನಲಿ, ನಾನೂ ನೋಡುತ್ತೇನೆ.

ಆ ವಿಡಿಯೊ ಕೆಳಗೆ ಕಾಮೆಂಟ್ ಹಾಕಿದ್ದೇನೆ: "1971. ಲೀಗ್ 6. ಕಪ್ 2. ತಿದ್ದಿಕೊಳ್ಳಿ." ಬೆಳಗ್ಗೆ ನೋಡಿದರೆ ಎರಡು ಲೈಕ್ ಬಂದಿತ್ತು. ಒಂದು ಅಣ್ಣನ ಮಗನದ್ದು. ಇನ್ನೊಂದು ಯಾರದ್ದೋ ಗೊತ್ತಿಲ್ಲ, ಪ್ರೊಫೈಲಿನಲ್ಲಿ ಒಂದು ನಾಯಿಮರಿ ಫೋಟೊ ಇದೆ. ಅವರೆಕಾಳು ಇನ್ನೂ ಒಂದು ಕೇಜಿ ಬಾಕಿ ಇದೆ, ಹಿದುಕಬೇಕು, ಬರುವವರು ಬನ್ನಿ.